ಗಂಗಪ್ಪನ ಕಿವಿಗಳು

ಹಳಿ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಕೆಲವರು ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಗೌರಿಬಿದನೂರು ಸ್ಟೇಷನ್ನಿಗೆ ಮನೆ ಹತ್ತಿರ. ಕಾಫಿ ಕುಡಿಯುತ್ತಾ, ಅಷ್ಟು ವರ್ಷ ಗೇಟಿನಲ್ಲಿ ಕೂತು ಏನು ಮಾಡ್ತಿದ್ರಿ ಸಾರ್, ಬೇಜಾರಾಗ್ತಿರ್ಲಿಲ್ವಾ ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ಬಿಳಿ ರೈಲು ಓಡುವ ಈ ದಾರಿಯಲ್ಲಿ ಗೇಟುಗಳನ್ನು ಒಂದೊಂದಾಗಿ ಮುಚ್ಚಿ, ಎರಡೂ ಕಡೆ ಗೋಡೆ ಎತ್ತಿ, ಹಳಿಯ ಕೆಳಗೆ ಅಂಡರ್‌ಪಾಸ್ ತೋಡಿದ್ದಾರೆ. ಗೇಟಿನವನು ಎಂಬುವನನ್ನೇ ಅವರು ನೋಡಿಲ್ಲ.

ನಾನು ಯಾವಾಗ ಯಾವ ಗ್ರೇಡಿಗೆ ಏರಿದೆ ಎಂಬುದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ನಾನು ಹೇಳಬೇಕೆಂದಿರುವುದು ಗಂಗಪ್ಪನ ವಿಚಾರ. ನನ್ನ ಗೇಟಿನ ಮುಂದೆ ದಿನಾ ಹಳಿ ನೋಡಿಕೊಂಡು ನಡೆಯುತ್ತಿದ್ದ ಕೀಮ್ಯಾನ್ ಅವನು. ಕಿವಿ ಹೋದ ಮೇಲೂ ನಡೆದ. ನಡೆಯಲಿ ಎಂದು ನಾವೆಲ್ಲ ಸೇರಿ ಅದನ್ನು ಮುಚ್ಚಿಟ್ಟೆವು. ರೈಲು ನಿಧಾನವಾಗಿದ್ದ ತನಕ ಅದು ನಡೆಯಿತು. ವೇಗದ ರೈಲು ಬಂದ ದಿನ ಏನಾಯಿತು ಎಂಬುದನ್ನು ಹೇಳುತ್ತೇನೆ. ಆದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ್ದು ಚಿಂತಾಮಣಿ ಕಡೆ. ಆಗ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರದ ಕಡೆಗೆ ಹೋಗುತ್ತಿದ್ದದ್ದು ಸಣ್ಣ ಹಳಿಯ ಸಣ್ಣ ರೈಲು. ಏರಿನಲ್ಲಿ ಅದು ಉಸಿರು ಕಟ್ಟಿಕೊಂಡು ಹೋಗುವಾಗ ಜನ ಇಳಿದು ಪಕ್ಕದಲ್ಲಿ ನಡೆಯುತ್ತಾ, ಬೀಡಿ ಹಚ್ಚಿಕೊಂಡು, ಮತ್ತೆ ಹತ್ತಿಕೊಳ್ಳುತ್ತಿದ್ದರು. ಶಿಡ್ಲಘಟ್ಟದ ಸಂತೆಗೆ ರೇಷ್ಮೆಗೂಡಿನ ಮೂಟೆ ಹೊತ್ತವನು ಹೊಲದ ಬದುವಿನ ಮೇಲೆ ಓಡಿಬಂದರೆ ಡ್ರೈವರ್ ನೋಡಿಯೂ ನೋಡದವನಂತೆ ಗಾಡಿಯನ್ನು ಇನ್ನೂ ನಿಧಾನ ಮಾಡುತ್ತಿದ್ದ. ಗೂಡು ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಹೊರಗೆ ಬರುತ್ತದೆ ಎಂದು ಡ್ರೈವರಿಗೂ ಗೊತ್ತಿತ್ತು.

ಅಲ್ಲಿ ನಮ್ಮ ಗ್ಯಾಂಗಿನ ಮೇಟ್, ಎಂದರೆ ಮೇಸ್ತ್ರಿ, ಮುರುಗಮಲ್ಲದ ಕಡೆಯ ಒಬ್ಬ ಸಾಹೇಬರು. ಎಲ್ಲರೂ ಚಾಚಾ ಅನ್ನುತ್ತಿದ್ದೆವು. ಬಿಳಿ ಗಡ್ಡ, ದೊಡ್ಡ ಕೈ. ನನಗೆ ಅವರು ಕಲಿಸಿದ ಮೊದಲ ಪಾಠ ಇವತ್ತಿಗೂ ನಿಮ್ಮ ತರಬೇತಿಯಲ್ಲಿ ಇದೆ, ಬೇರೆ ಮಾತಿನಲ್ಲಿ ಇದೆ. ಗಾಡಿ ಬಂದಾಗ ನಾನು ಬೆನ್ನು ತಿರುಗಿಸಿಕೊಂಡು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಗಾಡಿ ಹೋದ ಮೇಲೆ ಚಾಚಾ ಹತ್ತಿರ ಬಂದು ನನ್ನ ಭುಜ ಹಿಡಿದು ತಿರುಗಿಸಿದರು.

"ಗಾಡಿ ಬಂದ್ರೆ ಪಕ್ಕಕ್ಕೆ ಹೋಗಿ ಮುಖ ಕೊಟ್ಟು ನಿಲ್ಲಬೇಕು ಬೇಟಾ. ಕೊನೇ ಡಬ್ಬಿ ದಾಟೋವರ್ಗೂ. ಮನೇಗೆ ದೊಡ್ಡೋರು ಬಂದ್ರೆ ಎದ್ದು ನಿಂತ್ಕಂತೀಯಲ್ಲ, ಹಂಗೆ."

ನೇತಾಡುವ ಸರಪಳಿಯೋ, ಹೊಗೆ ಬರುವ ಚಕ್ರವೋ ಇದ್ದರೆ ಕಾಣಬೇಕು, ಅದಕ್ಕೆ ಮುಖ ಕೊಟ್ಟು ನಿಲ್ಲುವುದು. ಚಾಚಾ ಮಾತ್ರ ಅದನ್ನು ಮರ್ಯಾದೆಯ ವಿಷಯ ಮಾಡಿಬಿಟ್ಟಿದ್ದರು. ಕೆಲಸದ ಮಾತನ್ನು ಹಾಗೆ ಹೇಳಿದರೆ ಅದು ಮರೆಯುವುದಿಲ್ಲ.

ಕೆಲವು ವರ್ಷಗಳ ಮೇಲೆ ನನ್ನನ್ನು ದೊಡ್ಡ ಲೈನಿಗೆ ಹಾಕಿದರು. ಗೌರಿಬಿದನೂರಿನಿಂದ ತೊಂಡೇಬಾವಿ ಕಡೆಗೆ ಹೋಗುವಾಗ ಸಿಗುತ್ತಿದ್ದ ಒಂದು ಗೇಟು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗಲೂ ಇದ್ದಾರೆ. ಹಳಿಯ ಈಚೆಗೆ ಊರು ಮತ್ತು ಕಾಲೋನಿ, ಆಚೆಗೆ ಹೊಲಗಳು, ಹೊಲ ದಾಟಿದರೆ ಸ್ಮಶಾನ. ಹಾಗಾಗಿ ಊರಿನಲ್ಲಿ ಯಾರು ಸತ್ತರೂ ನನ್ನ ಗೇಟು ದಾಟಿಯೇ ಹೋಗಬೇಕು.

ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಕಲ್ಲಿತ್ತು. ಚಟ್ಟವನ್ನು ಅಲ್ಲಿ ಇಳಿಸುತ್ತಿದ್ದರು. ಸತ್ತವರ ಹತ್ತಿರದ ನೆಂಟರೊಬ್ಬರು ಬಗ್ಗಿ ಕಿವಿಯ ಹತ್ತಿರ ಹೆಸರು ಹಿಡಿದು ಮೂರು ಸಲ ಕೂಗಬೇಕು. ಪ್ರಾಣ ಏನಾದರೂ ಉಳಿದಿದ್ದರೆ, ದಾರಿ ತಪ್ಪಿ ಹೊರಟವರಾದರೆ, ತಮ್ಮ ಹೆಸರು ಕೇಳಿ ಎದ್ದು ಬರಲಿ ಎಂದು. ತೆಲುಗು ಮಾತಾಡುವವರು ಆ ಜಾಗವನ್ನು ದಿಂಪುಡು ಕಳ್ಳಂ ಅನ್ನುತ್ತಾರೆ, ನಮ್ಮವರು ಇಳಿಸೋ ಕಲ್ಲು ಅನ್ನುತ್ತಿದ್ದರು. ಕಾಲೋನಿಯವರ ಚಟ್ಟ ಆ ಕಲ್ಲಿನ ಮೇಲೆ ಇಳಿಯುವಂತಿರಲಿಲ್ಲ. ಅವರು ದಾರಿಯ ಇನ್ನೊಂದು ಪಕ್ಕದಲ್ಲಿ ಬರೀ ನೆಲದ ಮೇಲೆ ಇಳಿಸಿ ಕೂಗುತ್ತಿದ್ದರು. ಕೂಗಿಗೆ ಮಾತ್ರ ಎರಡು ಪಕ್ಕ ಇರಲಿಲ್ಲ. ನನ್ನ ಗುಡಿಸಿಲಿಗೆ ಎರಡೂ ಒಂದೇ ರೀತಿ ಕೇಳುತ್ತಿತ್ತು.

ಇದರಿಂದ ಊರಿನಲ್ಲಿ ಒಂದು ಕಟ್ಟಳೆ ಹುಟ್ಟಿತ್ತು. ಗೇಟಿನ ಹತ್ತಿರ ನಿಂತು ಬದುಕಿದವರ ಹೆಸರನ್ನು ಮೂರು ಸಲ ಕೂಗಬಾರದು. ಮಕ್ಕಳನ್ನು ಕರೆಯುವ ತಾಯಂದಿರು ಎರಡು ಸಲ ಕೂಗಿ, ಮೂರನೆಯದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹೊಸದರಲ್ಲಿ ಇದನ್ನು ನೋಡಿ ನಕ್ಕಿದ್ದೆ. ವರ್ಷ ಕಳೆಯುವುದರೊಳಗೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಆ ಕಾಲದಲ್ಲಿ ನಮಗೆ ಒಬ್ಬ ಇನ್‌ಸ್ಪೆಕ್ಟರ್ ಇದ್ದರು, ತಮಿಳುನಾಡಿನವರು. ಕೆಲಸದಲ್ಲಿ ಬಲು ಕಟ್ಟುನಿಟ್ಟು. ಗೇಟಿನವನು ನಿದ್ದೆ ಮಾಡುತ್ತಾನೋ ಏನೋ ಎಂದು ಬೈಕನ್ನು ದೂರ ನಿಲ್ಲಿಸಿ, ಮರದ ಹಿಂದೆ ಅವಿತು ನೋಡುತ್ತಿದ್ದರು. ಅವರು ಅವಿತದ್ದು ಕಾಣದೆ ಇದ್ದದ್ದು ನನಗೊಬ್ಬನಿಗೇ. ಒಂದು ದಿನ ಹೊಲದಲ್ಲಿ ಕಳೆ ಕೀಳುತ್ತಿದ್ದ ಅಶ್ವತ್ಥಮ್ಮ ಎಂಬುವಳು ಅಲ್ಲಿಂದಲೇ ಗಟ್ಟಿಯಾಗಿ ಹೇಳಿದಳು: "ಆಂಜಿನಪ್ಪಣ್ಣಾ, ನಿಮ್ಮ ಸಾಹೇಬ್ರು ಮರದ ಹಿಂದೆ ಒಂದಕ್ಕೆ ಹೋದೋರು ಇನ್ನೂ ಬರ್ಲಿಲ್ವಲ್ಲ, ಏನಾದ್ರೂ ತೊಂದ್ರೆ ಆಯ್ತೋ ನೋಡಿ." ಸಾಹೇಬರು ಹೊರಗೆ ಬಂದು, ಮುಖ ಗಂಟು ಹಾಕಿಕೊಂಡೇ ಸ್ವಲ್ಪ ನಕ್ಕರು. ಆ ಊರು ಹಾಗೆ. ಹಳಿಯ ಮೇಲೆ ಏನು ನಡೆದರೂ ಹೊಲದಲ್ಲಿರುವವರ ಕಣ್ಣು ಅದರ ಮೇಲೆ ಇರುತ್ತಿತ್ತು. ಮುಂದೆ ಗಂಗಪ್ಪನನ್ನು ಕಾಪಾಡಿದ್ದೂ ಅದೇ, ಕೈಬಿಟ್ಟಿದ್ದೂ ಅದೇ.

ಗಂಗಪ್ಪ ಅದೇ ಊರಿನ ಕಾಲೋನಿಯವನು, ನನ್ನ ಓರಗೆಯವನು. ಕೀಮ್ಯಾನ್ ಕೆಲಸ ಏನೆಂದರೆ, ಬೆಳಗ್ಗೆ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ ಹಿಡಿದುಕೊಂಡು ತನ್ನ ಪಾಲಿನ ಹಳಿಯ ಉದ್ದಕ್ಕೂ ಒಬ್ಬನೇ ನಡೆದುಹೋಗಬೇಕು. ಹಳಿಯನ್ನು ಸ್ಲೀಪರಿಗೆ ಕಚ್ಚಿ ಹಿಡಿಯುವ ಬಾಗಿದ ಕಬ್ಬಿಣದ ಕ್ಲಿಪ್ಪುಗಳಲ್ಲಿ ಯಾವುದು ಸಡಿಲವಾಗಿದೆಯೋ ಅದನ್ನು ಬಡಿದು ಕೂರಿಸಬೇಕು. ಮತ್ತೆ ಹಿಂದಕ್ಕೆ ನಡೆಯಬೇಕು. ಅವನ ಹೆಂಡತಿ ಬೇಗ ತೀರಿಕೊಂಡಳು. ಒಬ್ಬಳೇ ಮಗಳು ಸುಜಾತ. ಅವಳು ಚೆನ್ನಾಗಿ ಓದಿ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಆದಳು. ಬೌದ್ಧ ದೀಕ್ಷೆ ತೆಗೆದುಕೊಂಡಳು, ಅಪ್ಪನಿಗೂ ಕೊಡಿಸಿದಳು. ಗಂಗಪ್ಪ ಹುಣ್ಣಿಮೆಗೆ ಬಿಳಿ ಬಟ್ಟೆ ಉಟ್ಟು ಹೋಗಿ ಬರುತ್ತಿದ್ದ. ಏನು ಹೇಳಿಕೊಟ್ಟರಪ್ಪ ಅಂದರೆ, "ಸುಮ್ನೆ ಕೂತ್ಕೊಳ್ಳೋದು ಹೇಳ್ಕೊಟ್ರು. ನಡಿಯೋನಿಗೆ ಅದೇ ಕಷ್ಟ ಕಣಪ್ಪ" ಅನ್ನುತ್ತಿದ್ದ.

ಊರಿನ ದೊಡ್ಡ ಹೊಲಗಳೆಲ್ಲ ನಾರಾಯಣರೆಡ್ಡರವು. ಹಳಿಯ ಎರಡೂ ಕಡೆ ಅವರ ಜಮೀನು. ಗಂಗಪ್ಪನ ಅಪ್ಪ ಅವರ ಮನೆಯಲ್ಲಿ ಜೀತಕ್ಕಿದ್ದವನು. ಗಂಗಪ್ಪ ಸರ್ಕಾರಿ ಸಂಬಳ ತರುವ ಕಾಲಕ್ಕೂ ರೆಡ್ಡರ ಬಾಯಲ್ಲಿ ಅವನು 'ಗಂಗ'ನೇ. ಕೆಟ್ಟ ಮನುಷ್ಯರೇನಲ್ಲ, ನನ್ನ ಗುಡಿಸಿಲಿಗೆ ಮೊದಲ ಅವರೆಕಾಯಿ ಕಳಿಸುತ್ತಿದ್ದವರು ಅವರೇ. ಆದರೆ ಅವರ ಬಾಯಿಗೆ 'ಅಪ್ಪ' ಎಂಬ ಎರಡು ಅಕ್ಷರ ಆ ಹೆಸರಿನ ಜೊತೆ ಬರುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಗಂಗಪ್ಪನಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಕಿವಿ ಹೋಯಿತು. ಮೊದಲು ನನಗೇ ತಿಳಿಯಲಿಲ್ಲ. ಏನು ಹೇಳಿದರೂ ನನ್ನ ಬಾಯನ್ನೇ ನೋಡುತ್ತಿದ್ದ. ಒಂದು ದಿನ ನಾನು ಟೀ ಸೋಸುತ್ತಾ ಬೆನ್ನು ಹಾಕಿಕೊಂಡು ಏನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವನು ಹಳಿಯ ಕಡೆ ನೋಡುತ್ತಾ ಕೂತಿದ್ದಾನೆ. ಅವನ ಬೆನ್ನಿನ ದಿಕ್ಕಿನಿಂದ ಗೂಡ್ಸ್ ಗಾಡಿಯೊಂದು ಗೋಳಿಡುತ್ತಾ ಬರುತ್ತಿದೆ, ಅದು ಕಣ್ಣಿಗೆ ಬೀಳುವ ತನಕ ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಹೇಳಿಬಿಡು, ಆಸ್ಪತ್ರೆಗೆ ತೋರಿಸಿದರೆ ಬೇರೆ ಕೆಲಸ ಕೊಡುತ್ತಾರೆ, ಸಂಬಳಕ್ಕೇನೂ ಮೋಸವಿಲ್ಲ ಎಂದು ಕೈಸನ್ನೆ ಬಾಯಿಸನ್ನೆ ಮಾಡಿ ಹೇಳಿದೆ. ಅವನಿಗೆ ಅದೆಲ್ಲ ಗೊತ್ತಿತ್ತು.

"ಆಫೀಸಲ್ಲಿ ಬೆಲ್ ಹೊಡೀತಾರೆ, ನೀರು ಕೊಡಬೇಕು, ಫೈಲು ಎತ್ಕೊಂಡು ಹೋಗಬೇಕು. ಇನ್ನೊಬ್ರು ಕೂಗಿದ್ರೆ ಓಡೋ ಕೆಲಸ ನಮ್ಮಪ್ಪ ಮಾಡಿ ಮುಗ್ಸವ್ನೆ ಕಣೋ. ನನಗೆ ಬೆಲ್ಲೂ ಕೇಳ್ಸಲ್ಲ, ಅದು ಬೇರೆ ಮಾತು" ಎಂದು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ಈ ಊರ ದಾರೀಲೆಲ್ಲ ಯಾರಾದ್ರೂ ಒಬ್ರು ನನ್ನ ಪಕ್ಕಕ್ಕೆ ಸರಿ ಅಂದವ್ರೆ. ಹಳಿ ಮೇಲೆ ರೈಲು ಒಂದೇ ಸರಿ ಅನ್ನೋದು. ಅದು ಎಲ್ರಿಗೂ ಅನ್ನುತ್ತೆ. ರಿಟೈರಾಗೋವರ್ಗೂ ನಾನು ಇಲ್ಲೇ ನಡೀತೀನಿ ಆಂಜಿನಪ್ಪ."

ರೆಡ್ಡರ ಹೊಲಗಳ ನಟ್ಟ ನಡುವೆ, ನೆಲಕ್ಕಿಂತ ಒಂದಾಳು ಎತ್ತರದಲ್ಲಿ ಹಳಿಯ ಏರಿ ಇತ್ತು. ಅದರ ಮೇಲೆ ಗಂಗಪ್ಪ ಸುತ್ತಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆಯುವುದನ್ನು ನಾನು ದಿನಾ ನೋಡುತ್ತಿದ್ದೆ. ಊರೊಳಗೆ ನಡೆಯುವಾಗ ಅವನ ಕತ್ತು ಆ ರೀತಿ ಇರುತ್ತಿರಲಿಲ್ಲ.

ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಆದರೂ ಒಂದು ಏರ್ಪಾಡು ತಾನಾಗಿ ಬೆಳೆಯಿತು. ಸ್ಟೇಷನ್ನಿನಿಂದ ನನಗೆ ಫೋನು ಬಂದು ಗೇಟು ಹಾಕಿದ ಕೂಡಲೇ ನಾನು ಹೊಲದ ಕಡೆಗೆ ಕೈ ಎತ್ತುತ್ತಿದ್ದೆ. ಅಶ್ವತ್ಥಮ್ಮ ತಲೆಯ ಮೇಲಿನ ಟವಲ್ಲು ಬಿಚ್ಚಿ ಬೀಸುತ್ತಿದ್ದಳು. ಅವಳಿಂದಾಚೆ ನೀರು ಕಟ್ಟುವವನು ಗುದ್ದಲಿ ಎತ್ತುತ್ತಿದ್ದ, ಅವನಾಚೆ ಕುರಿ ಕಾಯುವವನು ಕಂಬಳಿ. ಹಾಗೆ ಒಬ್ಬರಿಂದೊಬ್ಬರಿಗೆ ಹೋಗಿ ಗಂಗಪ್ಪ ಎಲ್ಲಿದ್ದರೂ ಅವನ ಕಣ್ಣಿಗೆ ತಲುಪುತ್ತಿತ್ತು. ಅವನು ಸುತ್ತಿಗೆ ಎತ್ತಿ ತೋರಿಸಿ, ಏರಿಯಿಂದ ಪಕ್ಕಕ್ಕೆ ಇಳಿದು, ಗಾಡಿಗೆ ಮುಖ ಕೊಟ್ಟು ನಿಲ್ಲುತ್ತಿದ್ದ. ರೆಡ್ಡರಿಗೂ ಗೊತ್ತಿತ್ತು. "ನಿಮ್ಮ ಕಿವುಡ ಎಲ್ಲಿದ್ದಾನಯ್ಯ ಇವತ್ತು" ಎಂದು ಕೇಳುತ್ತಿದ್ದರು. ಒಂದೆರಡು ಸಲ ಅವರೇ ಶಲ್ಯ ಬೀಸಿದ್ದನ್ನೂ ನಾನು ನೋಡಿದ್ದೇನೆ. ಗೊತ್ತಿಲ್ಲದೆ ಇದ್ದವರು ನಮ್ಮ ಇಲಾಖೆಯವರು ಮಾತ್ರ.

ಇದು ಪ್ರೀತಿಯಿಂದ ಮಾಡಿದ ಕೆಲಸ. ಮಕ್ಕಳೇ, ಹಳಿಯ ಮೇಲೆ ಪ್ರೀತಿಯಿಂದ ಮಾಡಿದ ಏರ್ಪಾಡನ್ನು ನಂಬಬೇಡಿ. ಅದರಲ್ಲಿ ಇಂಥವರದ್ದೇ ಜವಾಬ್ದಾರಿ ಎಂದು ಇರುವುದಿಲ್ಲ.

ಅಷ್ಟರಲ್ಲಿ ಲೈನು ಬದಲಾಗುತ್ತಿತ್ತು. ಹಳೆಯ ಹಳಿಗಳ ನಡುವೆ ಸಂದು ಇರುತ್ತಿತ್ತು. ಗಾಡಿ ದೂರದಲ್ಲಿರುವಾಗಲೇ ಆ ಸಂದುಗಳು ತಾಳ ಹಾಕಿ ಹೇಳಿಬಿಡುತ್ತಿದ್ದವು. ಆಮೇಲೆ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡಿದರು. ಜೋಡಿ ಮಾರ್ಗ ಆಯಿತು, ಮೇಲೆ ಕರೆಂಟಿನ ತಂತಿ ಬಂತು. ಹೊಗೆಯೂ ಇಲ್ಲ, ತಾಳವೂ ಇಲ್ಲ. ಕಿವಿ ಚೆನ್ನಾಗಿರುವವರಿಗೂ ಗಾಡಿ ಬರುವುದು ತಡವಾಗಿ ತಿಳಿಯುವ ಹಾಗಾಯಿತು. ಕೊನೆಗೆ ಬಿಳಿ ರೈಲಿನ ಮಾತು ಬಂತು. ಅದಕ್ಕೆ ಮುಂದೆ ಬೇರೆ ಎಂಜಿನ್ನೇ ಇಲ್ಲ, ಡಬ್ಬಿಗಳ ಅಡಿಯಲ್ಲೇ ಮೋಟಾರು, ಗಾಳಿಯ ಹಾಗೆ ಬರುತ್ತದೆ ಎಂದರು. ಸ್ಟೇಷನ್ನಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಪಾಠ ಹೇಳಿದರು. ಗಾಡಿ ಕಂಡ ಮೇಲೆ ಸರಿಯುವ ಕಾಲ ಮುಗಿಯಿತು, ಕಾಣುವ ಮೊದಲೇ ಸರಿದಿರಬೇಕು ಎಂದರು. ಗಂಗಪ್ಪ ಮುಂದಿನ ಸಾಲಿನಲ್ಲಿ ಕೂತು, ಹೇಳುವವರ ತುಟಿಯನ್ನೇ ನೋಡುತ್ತಾ ಎಲ್ಲರಿಗಿಂತ ಚೆನ್ನಾಗಿ ತಲೆಯಾಡಿಸಿದ.

ಪರೀಕ್ಷೆಗೆಂದು ಬಿಳಿ ರೈಲು ಒಂದು ಸಲ ಓಡಿಸಿ ನೋಡುವ ದಿನ ಗೊತ್ತಾಯಿತು. ಮಧ್ಯಾಹ್ನದ ಮೇಲೆ ಬರುತ್ತದೆ ಎಂದು ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದರು, ಗಂಗಪ್ಪನಿಗೂ ತಿಳಿದಿತ್ತು. ಬೆಳಗ್ಗೆ ಅವನು ಎಂದಿನಂತೆ ಹೊರಟ. ಅವನು ಹೋದ ಮೇಲೆ ಸಮಯ ಬದಲಾಯಿತು. ಗಾಡಿ ಬೇಗ ಹೊರಟಿದೆ ಎಂದು ಮೇಟ್‌ಗೆ ಫೋನು, ನನಗೆ ಫೋನು, ಇನ್ನೊಬ್ಬ ಕೀಮ್ಯಾನ್‌ಗೆ ಫೋನು. ಗಂಗಪ್ಪನಿಗೆ ಫೋನು ಮಾಡಿ ಪ್ರಯೋಜನವಿಲ್ಲ, ಅವನದು ಗ್ಯಾಂಗಿನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ನಾನು ಗೇಟು ಹಾಕಿದೆ. ರೂಢಿಯಂತೆ ಹೊಲದ ಕಡೆ ಕೈ ಎತ್ತಿದೆ.

ಹೊಲದಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ನನ್ನ ಗೇಟಿನ ಹತ್ತಿರ ನಿಂತಿದ್ದರು. ಬಿಳಿ ರೈಲು ಬೇಗ ಬರುತ್ತಿದೆ ಎಂಬ ಸುದ್ದಿ ನನಗಿಂತ ಮೊದಲು ಊರಿಗೆ ಹೋಗಿತ್ತು. ಕಳೆ ಕೀಳುವವರು, ನೀರು ಕಟ್ಟುವವನು, ಕುರಿಯವನು, ಕಂಕುಳಲ್ಲಿ ಮಗು ಎತ್ತಿಕೊಂಡ ಸೊಸೆಯಂದಿರು, ಒಗೆದ ಶಲ್ಯ ಹೊದ್ದ ರೆಡ್ಡರು, ಎಲ್ಲರೂ ಹೊಂಗೆ ಮರದ ಕೆಳಗೆ, ಇಳಿಸೋ ಕಲ್ಲಿನ ಸುತ್ತ. ಗಂಗಪ್ಪನ ಕಿವಿಗಳೆಲ್ಲ ಅಲ್ಲಿ ಬಂದು ನಿಂತಿದ್ದವು. ಅಶ್ವತ್ಥಮ್ಮ ನನ್ನ ಎತ್ತಿದ ಕೈ ನೋಡಿದಳು, ಹಿಂದೆ ತಿರುಗಿ ಖಾಲಿ ಹೊಲ ನೋಡಿದಳು. ಅವಳ ಮುಖ ಇಳಿದುಹೋದ ರೀತಿ ನಾನು ಮರೆಯುವುದಿಲ್ಲ.

ತೊಂಡೇಬಾವಿ ಕಡೆಗೆ ಹಳಿ ಬಹಳ ದೂರ ನೇರವಾಗಿ ಹೋಗಿ ತಿರುವಿನಲ್ಲಿ ಮರೆಯಾಗುತ್ತದೆ. ಆ ನೇರದ ನಡುವೆ, ಗಾಡಿ ಬರುವ ಮಾರ್ಗದ ಮೇಲೇ, ಗಂಗಪ್ಪ ನಮ್ಮ ಕಡೆಗೆ ಮುಖ, ತಿರುವಿನ ಕಡೆಗೆ ಬೆನ್ನು ಮಾಡಿ ಮಂಡಿಯೂರಿ ಕೂತು ಒಂದು ಕ್ಲಿಪ್ ಬಡಿಯುತ್ತಿದ್ದ. ಸುತ್ತಿಗೆ ಏಳುವುದು ಕಾಣುತ್ತಿತ್ತು, ಸದ್ದು ಅದಾದ ಮೇಲೆ ಬರುತ್ತಿತ್ತು. ತಲೆ ಎತ್ತಿದ್ದರೆ ನಮ್ಮನ್ನು ನೋಡುತ್ತಿದ್ದ. ಎತ್ತಲಿಲ್ಲ.

ಗೇಟಿನ ಸಿಗ್ನಲ್ಲನ್ನು ಕೆಂಪಿಗೆ ಎಳೆದೆ. ಕೆಂಪು ಬಾವುಟ ಬಿಚ್ಚಿಕೊಂಡು ಹಳಿಯ ನಡುವೆ ಓಡಿದೆ. ಅಷ್ಟರಲ್ಲಿ ತಿರುವಿನಲ್ಲಿ ಬಿಳಿ ಮೂತಿ ಕಂಡಿತು. ಹಾರ್ನ್ ಬಿಡದೆ ಕೂಗುತ್ತಿತ್ತು. ಆ ವೇಗದ ಗಾಡಿ ಬ್ರೇಕು ಹಾಕಿದರೂ ಅವನಿಗಿಂತ ಮೊದಲು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನಿಂದ ಅಶ್ವತ್ಥಮ್ಮನ ಕೂಗು ಬಂತು, ಗಂಗಪ್ಪಾ ಎಂದು. ಹೆಂಗಸರೆಲ್ಲ ಸೇರಿ ಇನ್ನೊಂದು ಸಲ ಕೂಗಿದರು. ಅಲ್ಲಿಗೆ ಎರಡಾಯಿತು. ಒಂದು ಗಳಿಗೆ ಎಲ್ಲರೂ ತಡೆದರು. ಅಂಥ ಹೊತ್ತಿನಲ್ಲೂ ತಡೆದರು, ಯಾಕೆಂದರೆ ಅದು ಆ ಕಲ್ಲಿನ ಜಾಗ. ಯಾರೋ ಚಪ್ಪಾಳೆ ತಟ್ಟಿದರು ಕೂಡ. ತಿರುಗಿ ನೋಡಿದರೆ ನಾರಾಯಣರೆಡ್ಡರು ಕಲ್ಲಿನ ಮೇಲೆ ಹತ್ತಿ ನಿಂತು, ಕತ್ತಿನ ನರ ಉಬ್ಬುವ ಹಾಗೆ ಮೂರನೆಯದನ್ನು ಕೂಗಿದರು.

"ಗಂಗಪ್ಪಾ!"

ಅವರ ಬಾಯಲ್ಲಿ ಆ ಹೆಸರು ಪೂರ್ತಿಯಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಂಗಪ್ಪನಿಗೆ ಕೇಳಲಿಲ್ಲ.

ಅವನು ಹೊಡೆದ ಏಟಿಗೆ ಕ್ಲಿಪ್ಪು ಕಚ್ಚಿಕೊಳ್ಳದೆ ಚಿಮ್ಮಿ, ಜಲ್ಲಿ ದಾಟಿ ಏರಿಯ ಇಳಿಜಾರಿನ ಕಡೆಗೆ ಹಾರಿತು. ಕ್ಲಿಪ್ಪು ಹಾಗೆ ಚಿಮ್ಮುವುದು ದಿನಕ್ಕೊಂದು ಸಲ ಆಗುವಂಥದ್ದು. ಅವನು ಬೇಸರದಿಂದ ಎದ್ದು, ಸೊಂಟ ಹಿಡಿದುಕೊಂಡು, ಅದನ್ನು ಹೆಕ್ಕಲು ಕೆಳಗೆ ನಡೆದ. ಅವನ ಬೆನ್ನ ಹಿಂದೆ ಬಿಳಿ ಗಾಡಿ ಹಾದುಹೋಯಿತು. ಗಾಳಿಗೆ ತಲೆಯ ಟೋಪಿ ಹಾರಿದಾಗಲೇ ಅವನು ತಿರುಗಿದ್ದು.

ನಮ್ಮ ಕೂಗಾಗಲಿ, ನನ್ನ ಬಾವುಟವಾಗಲಿ, ಹಾರ್ನಾಗಲಿ ಅವನನ್ನು ಉಳಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನಾನು ಪಕ್ಕಕ್ಕೆ ಹಾರಿಕೊಂಡೆ. ಗಾಡಿ ಗೇಟು ದಾಟಿ ಬಹಳ ಮುಂದೆ ಹೋಗಿ ನಿಂತಿತು. ಸಾಹೇಬರುಗಳು ಇಳಿದರು. ಅವರಲ್ಲಿ ನಮ್ಮ ಹಳೆಯ ಇನ್‌ಸ್ಪೆಕ್ಟರೂ ಇದ್ದರು, ಆಗ ಅವರಿಗೆ ತಲೆ ಪೂರ್ತಿ ನರೆತಿತ್ತು. ಕೆಂಪು ಯಾಕೆ ತೋರಿಸಿದೆ ಎಂದು ಕೇಳಿದರು. ಕಾರಣ ಹೇಳಿದರೆ ಗಂಗಪ್ಪ ಮತ್ತೆ ಈ ಏರಿಯ ಮೇಲೆ ನಡೆಯುವುದಿಲ್ಲ. ಹೇಳದಿದ್ದರೆ ನಾಳೆಯೂ ನಡೆಯುತ್ತಾನೆ, ನಾಳೆ ಕ್ಲಿಪ್ಪು ಚಿಮ್ಮುತ್ತದೋ ಇಲ್ಲವೋ.

ನಾನು ಬಾಯಿ ತೆರೆಯುವ ಮೊದಲೇ ರೆಡ್ಡರು ಮುಂದೆ ಬಂದರು. ಎಮ್ಮೆ ಅಡ್ಡ ಬಂತು ಸ್ವಾಮಿ, ನಮ್ಮದೇ ಎಮ್ಮೆ, ಹಗ್ಗ ಬಿಚ್ಚಿಕೊಂಡು ಬಂದುಬಿಟ್ಟಿತು, ದಂಡ ಏನಿದ್ದರೂ ನಾನು ಕಟ್ಟುತ್ತೇನೆ ಎಂದರು. ಹೌದು ಎಮ್ಮೆ, ಕರೀ ಎಮ್ಮೆ ಎಂದು ಹೆಂಗಸರು ದನಿಗೂಡಿಸಿದರು. ನೀರು ಕಟ್ಟುವವನು ಅದು ಓಡಿಹೋದ ದಿಕ್ಕನ್ನೂ ತೋರಿಸಿದ. ಇನ್‌ಸ್ಪೆಕ್ಟರ್ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಎಮ್ಮೆ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಗಂಗಪ್ಪ ನಡೆದು ಬಂದ. ಸುತ್ತಿಗೆ ಹೆಗಲ ಮೇಲಿತ್ತು, ಚಿಮ್ಮಿದ ಕ್ಲಿಪ್ಪು ಕೈಯಲ್ಲಿತ್ತು. ಜನರ ಹಿಂದೆ ನಿಂತು ಒಂದೊಂದು ಬಾಯನ್ನೂ ನೋಡಿದ. ಎಲ್ಲ ತುಟಿಗಳೂ ಒಂದೇ ಮಾತು ಆಡುತ್ತಿದ್ದವು. ಅವನಿಗೆ ತಿಳಿಯಿತು. ಜನ ದಾರಿ ಬಿಟ್ಟರು. ಅವನು ಸಾಹೇಬರ ಮುಂದೆ ಬಂದು ನಿಂತು ಸುತ್ತಿಗೆಯನ್ನು ನೆಲಕ್ಕೆ ಇಳಿಸಿದ.

"ಆ ಎಮ್ಮೆ ನಾನೇ ಸ್ವಾಮಿ. ನನಗೆ ಕಿವಿ ಕೇಳ್ಸಲ್ಲ. ಇವ್ರು ಯಾರ್ದೂ ತಪ್ಪಿಲ್ಲ."

ಇನ್‌ಸ್ಪೆಕ್ಟರ್ ಬಯ್ಯುತ್ತಾರೆ ಎಂದುಕೊಂಡೆ. ಅವರು ಏನೋ ಹೇಳಲು ಹೋಗಿ, ಹೇಳಿ ಪ್ರಯೋಜನವಿಲ್ಲ ಎಂದು ನೆನಪಾಗಿ, ಗಂಗಪ್ಪನ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟರು. ಆಮೇಲೆ ಸುತ್ತಿಗೆಯನ್ನು ತಾವೇ ಎತ್ತಿಕೊಂಡರು. ಬಿಳಿ ರೈಲು ಹೊರಟುಹೋಯಿತು. ಅದನ್ನು ನೋಡಲು ಬಂದಿದ್ದ ಜನ ನಿಂತಲ್ಲೇ ಇದ್ದರು, ಅದು ಹೋಗುವುದನ್ನು ಯಾರೂ ನೋಡಲಿಲ್ಲ.

ಆಮೇಲೆ ನನ್ನ ಗುಡಿಸಿಲಿನಲ್ಲಿ ಟೀ ಮಾಡಿದೆ. ಅಶ್ವತ್ಥಮ್ಮ ಬಾಗಿಲಲ್ಲಿ ಕೂತು ಅಳುತ್ತಿದ್ದಳು, ಮೂರು ಸಲ ಕೂಗಿಬಿಟ್ಟೆವಲ್ಲ, ಕಲ್ಲಿನ ಹತ್ತಿರ, ಬದುಕಿದವನನ್ನು ಎಂದು. ಅವಳ ತುಟಿ ನೋಡಿ ಗಂಗಪ್ಪನಿಗೆ ವಿಷಯ ತಿಳಿಯಿತು. ಯಾರು ಯಾರು ಕೂಗಿದಿರಿ ಎಂದು ಕೇಳಿದ. ರೆಡ್ಡರೂ ಕೂಗಿದರು, ಪೂರ್ತಿ ಹೆಸರು ಹಿಡಿದು ಎಂದು ನಾನು ಹೇಳಿದೆ. ಅವನು ಟೀ ಮುಗಿಸಿ ಲೋಟ ಕೆಳಗಿಟ್ಟ.

"ಸರಿ ಬಿಡಮ್ಮ. ಕೂಗಿದ್ರಿ, ಎದ್ದು ಬಂದೆ. ಅಲ್ಲಿಗೆ ನಂದು ಮುಗೀತು. ಸತ್ತಾಗ ಮತ್ತೆ ಕೂಗ್ಬೇಡಿ. ಇಳಿಸ್ಲೂ ಬೇಡಿ, ಹಂಗೇ ಎತ್ಕೊಂಡು ಹೋಗಿ."

ಅವನಿಗೆ ಗೌರಿಬಿದನೂರಿನ ಆಫೀಸಿನಲ್ಲಿ ಕೆಲಸ ಕೊಟ್ಟರು. ಬೆಲ್ಲಿನ ಬದಲು ಒಂದು ಸಣ್ಣ ದೀಪ ಹಾಕಿದ್ದರು, ಅದು ಹೊತ್ತಿದರೆ ಒಳಗೆ ಹೋಗಬೇಕು. ಅವನು ಸಮಯಕ್ಕೆ ಸರಿಯಾಗಿ ಹೋಗುತ್ತಿದ್ದ, ಬರುತ್ತಿದ್ದ. ದೂರು ಹೇಳಲಿಲ್ಲ. ಆದರೆ ಸಂಜೆ ಬಸ್ಸಿಳಿದು ಊರೊಳಗಿನ ದಾರಿಯಲ್ಲಿ ಮನೆಗೆ ಹೋಗುವಾಗ ಕತ್ತು ಮತ್ತೆ ಬಗ್ಗಿರುತ್ತಿತ್ತು ಎಂದು ಅಶ್ವತ್ಥಮ್ಮ ಹೇಳುತ್ತಿದ್ದಳು. ರೆಡ್ಡರ ಬಾಯಲ್ಲಿ ಅವನು ಕೆಲವೇ ದಿನಕ್ಕೆ ಮತ್ತೆ ಗಂಗ ಆದ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ಸುಳ್ಳಾಗುತ್ತದೆ.

ನಾವು ಗೆಳೆಯನ ಮಾನ ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ಅವನು ಅದನ್ನು ಕಾದುಕೊಂಡದ್ದು ಸುತ್ತಿಗೆ ಕೆಳಗಿಟ್ಟಾಗ. ನಿಮ್ಮ ಗ್ಯಾಂಗಿನಲ್ಲಿ ಯಾರಿಗಾದರೂ ಕಣ್ಣು ಮಂಜಾಗಿದ್ದರೆ, ಕಿವಿ ಮಂದವಾಗಿದ್ದರೆ, ಅವರ ಪಕ್ಕದಲ್ಲಿ ಕೂತು ಹೇಳಿಸಿ. ಅವರ ಜೊತೆ ಆಫೀಸಿನ ಬಾಗಿಲ ತನಕ ಹೋಗಿ.

ನಾನು ನಿವೃತ್ತನಾದ ಮೇಲೆ ಗೇಟು ಮುಚ್ಚಿದರು. ಗೋಡೆ ಬಂತು, ಹೊಂಗೆ ಮರ ಹೋಯಿತು. ಅಂಡರ್‌ಪಾಸಿಗೆ ಇಳಿಯುವ ಇಳಿಜಾರು ಒಂದೇ, ಅದರ ಬಾಯಿ ಒಂದೇ. ಊರವರು ಇಳಿಸೋ ಕಲ್ಲನ್ನು ತಂದು ಅಲ್ಲಿ ಹಾಕಿದರು. ಇನ್ನೊಂದು ಪಕ್ಕದಲ್ಲಿ ಕಾಲೋನಿಯವರು ಇಳಿಸಲು ಜಾಗವೇ ಇಲ್ಲ, ಅಲ್ಲಿ ಕಾಂಕ್ರೀಟಿನ ಗೋಡೆ. ಈಗ ಎಲ್ಲರ ಚಟ್ಟವೂ ಅದೇ ಕಲ್ಲಿನ ಮೇಲೆ ಇಳಿಯುತ್ತದೆ. ಒಂದೆರಡು ಸಲ ಗೊಣಗಾಟ ನಡೆಯಿತು ಎಂದು ಕೇಳಿದೆ. ಆಮೇಲೆ ಸುಮ್ಮನಾದರಂತೆ.

ಗಂಗಪ್ಪ ನಿವೃತ್ತನಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಮಗಳ ಮನೆಯಲ್ಲಿ, ಬೆಳಗಿನ ಹೊತ್ತು, ಕುರ್ಚಿಯಲ್ಲಿ ಕೂತವನು ಹಾಗೇ ಹೋದ. ಸುಮ್ಮನೆ ಕೂರುವುದನ್ನು ಕೊನೆಗೆ ಕಲಿತಿದ್ದ. ಸುಜಾತ ಅವನನ್ನು ಊರಿಗೇ ತಂದಳು. ಬಿಳಿ ಬಟ್ಟೆಯವರು ಬಂದು ತ್ರಿಶರಣ ಹೇಳಿದರು. ತಮಟೆ ಇರಲಿಲ್ಲ. ನಾನು ಹೆಗಲು ಕೊಟ್ಟೆ. ರೆಡ್ಡರು ಕೋಲೂರಿಕೊಂಡು ಹಿಂದೆ ಬರುತ್ತಿದ್ದರು. ಕಾಲೋನಿಯ ಹೆಣದ ಹಿಂದೆ ಅವರು ನಡೆದದ್ದನ್ನು ಆ ಊರು ಅದಕ್ಕೆ ಮೊದಲು ನೋಡಿರಲಿಲ್ಲ.

ಅಂಡರ್‌ಪಾಸಿನ ಬಾಯಿಗೆ ಬಂದಾಗ ಹೊತ್ತವರ ಕಾಲು ರೂಢಿಯಂತೆ ಕಲ್ಲಿನ ಹತ್ತಿರ ನಿಂತಿತು. ಇಳಿಸುವುದೋ ಬೇಡವೋ ಎಂದು ಎಲ್ಲರೂ ಸುಜಾತಳನ್ನು ನೋಡಿದರು. ಅವರ ಧರ್ಮದಲ್ಲಿ ಆ ಶಾಸ್ತ್ರವಿಲ್ಲ. ಆದರೂ ಹೆಣ್ಣುಮಗಳು, ಅಪ್ಪನ ಮುಖ ನೋಡಿ ಅವಳ ಮನಸ್ಸು ಅಲುಗಿತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಮಾವ, ಒಂದ್ಸಲ ಕೂಗ್ಲಾ? ಬೇಡ್ವಾ? ನಂಗೆ ಗೊತ್ತಾಗ್ತಿಲ್ಲ."

ಹಿಂದಿನಿಂದ ರೆಡ್ಡರು ಹೇಳಿದರು: "ಗಂಗಪ್ಪನ್ನ ಅವತ್ತೇ ಕೂಗಿದ್ವಲ್ಲಮ್ಮ. ಎದ್ದು ಬಂದಿದ್ದ."

ಸುಜಾತ ತಲೆಯಾಡಿಸಿದಳು. ನಾವು ಹೆಜ್ಜೆ ಎತ್ತಬೇಕು, ಅಷ್ಟರಲ್ಲಿ ಮೇಲೆ ಗಾಳಿ ಬದಲಾಯಿತು. ಬಿಳಿ ರೈಲು ಬರುತ್ತಿತ್ತು. ಯಾರೂ ಹೇಳಲಿಲ್ಲ. ನಾನು ತಿರುಗಿದೆ, ನನ್ನ ಜೊತೆ ಹೊತ್ತವರೂ ತಿರುಗಿದರು, ಗ್ಯಾಂಗಿನವರೇ ಎಲ್ಲ. ಚಟ್ಟ ಹೆಗಲ ಮೇಲಿದ್ದ ಹಾಗೇ, ಪಕ್ಕಕ್ಕೆ ಸರಿದು, ಗಾಡಿಗೆ ಮುಖ ಕೊಟ್ಟು ನಿಂತೆವು. ಕೊನೆಯ ಡಬ್ಬಿ ದಾಟುವವರೆಗೂ ನಿಂತಿದ್ದು, ಆಮೇಲೆ ಅವನನ್ನು ಕರೆದುಕೊಂಡು ಹೋದೆವು.